ಅಮರ ಚಿತ್ರಕಥೆಯ ಪಾಲುಗಾರಿಕೆ: ಮುಗಿದ ವ್ಯವಹಾರದ ಕನ್ನಡ ಲೆಕ್ಕ

ಕವಿಯೊಬ್ಬನು ಕಾಲವಾದರೆ ನಮ್ಮ ಸಂಘಸಂಸ್ಥೆಗಳಲ್ಲಿ ಸಭೆ ಕೂಡುತ್ತದೆ, ಭಾಷಣಗಳಾಗುತ್ತವೆ, ಒಂದು ನಿರ್ಣಯವೂ ಅಂಗೀಕೃತವಾಗುತ್ತದೆ. ಪ್ರಕಾಶನವೊಂದು ಮುಗಿದರೆ ಅದರ ಲೆಕ್ಕವನ್ನು ನೋಡತಕ್ಕವನು ಲೆಕ್ಕಿಗನೊಬ್ಬನೇ. ಸಾಹಿತ್ಯವಿಮರ್ಶೆಗೆ ಅದರಿಂದ ಏನೂ ಆಗಬೇಕಾದದ್ದಿಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದರಲ್ಲಿಯೂ ಆ ಪ್ರಕಾಶನ ಮಕ್ಕಳ ಚಿತ್ರಕಥೆಗಳದ್ದಾಗಿದ್ದರೆ ಹೇಳುವುದೇ ಬೇಡ. ಆದರೆ ಓದುವ ಅಭ್ಯಾಸವು ಮೊದಲು ಹುಟ್ಟುವುದು ಇಂಥ ಪುಸ್ತಕಗಳಲ್ಲಿಯೇ ಎಂಬುದನ್ನು ಒಪ್ಪುವುದಾದರೆ, ಅವುಗಳ ಅವಸಾನವನ್ನು ವಿಚಾರಿಸುವುದು ವಿಮರ್ಶಕನಿಗೆ ಅಗೌರವದ ಕೆಲಸವಾಗಲಾರದು.

2007ರಲ್ಲಿ ಮುಂಬಯಿಯ ಇಂಡಿಯಾ ಬುಕ್ ಹೌಸ್ ಸಂಸ್ಥೆಯು ತನ್ನ ‘ಅಮರ ಚಿತ್ರಕಥೆ’ ಮಾಲೆಯನ್ನೂ ‘ಟಿಂಕಲ್’ ಪತ್ರಿಕೆಯನ್ನೂ ಎ.ಸಿ.ಕೆ. ಮೀಡಿಯಾ ಎಂಬ ಹೊಸ ಸಂಸ್ಥೆಗೆ ಮಾರಿತು. 1967ರಲ್ಲಿ ತೊಡಗಿ ನಾಲ್ವತ್ತು ವರ್ಷ ನಡೆದುಬಂದ ಒಂದು ಪಾಲುಗಾರಿಕೆ ಅಲ್ಲಿಗೆ ಮುಗಿಯಿತು. ಪಾಲುಗಾರಿಕೆ ಎಂಬ ಮಾತನ್ನು ಇಲ್ಲಿ ಕರಾರುಪತ್ರದ ಅರ್ಥದಲ್ಲಿ ಬಳಸಿಲ್ಲ. ದುಡ್ಡು, ಮುದ್ರಣ, ಮಾರಾಟಗಳ ಹೊಣೆ ಮಿರ್ಚಂದಾನಿಯವರ ಸಂಸ್ಥೆಯದು. ಕಲ್ಪನೆ ಮತ್ತು ಸಂಪಾದನೆಗಳ ಹೊಣೆ ಅನಂತ ಪೈ ಅವರದು. ಒಂದು ದಿನಪತ್ರಿಕೆಯ ಬಲವಾಗಲಿ, ಸರಕಾರದ ಸಹಾಯಧನವಾಗಲಿ ಬೆನ್ನಿಗಿಲ್ಲದೆ ಈ ಎರಡು ಹೊಣೆಗಳು ಕೂಡಿ ನಾಲ್ಕುನೂರಕ್ಕೂ ಹೆಚ್ಚು ಚಿತ್ರಕಥೆಗಳನ್ನು ಹೊರತಂದವು. ಮಾಲೆಯ ಪುಸ್ತಕಗಳು ಇಂದಿಗೂ ಅಚ್ಚಾಗುತ್ತಿವೆ, ಹೊಸವೂ ಬರುತ್ತಿವೆ. ಮುಗಿದದ್ದು ಆ ಸಹಯೋಗ. ಅದರ ಲೆಕ್ಕವನ್ನು ಕನ್ನಡದ ಕಡೆಯಿಂದ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ಕಡೆಯಿಂದ ಎನ್ನುವುದಕ್ಕೆ ಕಾರಣವುಂಟು. ಈ ಮಾಲೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲನೆಯದಾದ ‘ಕೃಷ್ಣ’ದ ಕ್ರಮಸಂಖ್ಯೆ ಹನ್ನೊಂದು. ಹಾಗಾದರೆ ಒಂದರಿಂದ ಹತ್ತರವರೆಗಿನವು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರು ಚಿತ್ರಕಥೆಗಳನ್ನು ಕನ್ನಡದಲ್ಲಿ ಹೊರತಂದರು. ಸಿಂಡರೆಲ್ಲಾ, ಅಲ್ಲಾದ್ದೀನ, ಪಿನೋಕಿಯೋ ಮೊದಲಾದ ಹೊರನಾಡಿನ ಕಥೆಗಳವು. ಚಿತ್ರಗಳೂ ಹೊರಗಿನವು, ಮಾತು ಮಾತ್ರ ಕನ್ನಡ. ಕನ್ನಡದಲ್ಲಿ ಚಿತ್ರಕಥೆಗೆ ಕೊಳ್ಳುವವರಿದ್ದಾರೆ ಎಂಬುದು ತಿಳಿದ ಮೇಲೆಯೇ ಭಾರತೀಯ ವಸ್ತುವಿನ ಯೋಚನೆ ಮುಂಬಯಿಯಲ್ಲಿ ಬೇರೂರಿತೆಂಬುದು ಒಂದು ಕಥನ.

ಇನ್ನೊಂದು ಕಥನವನ್ನು ಪೈ ಅವರೇ ಜೀವನದುದ್ದಕ್ಕೂ ಹೇಳುತ್ತಿದ್ದರು. 1967ರಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನಯಂತ್ರದಲ್ಲಿ ಅವರು ವಿದ್ಯಾರ್ಥಿಗಳ ಪ್ರಶ್ನೋತ್ತರ ಸ್ಪರ್ಧೆಯನ್ನು ನೋಡಿದರು. ಗ್ರೀಕ್ ದೇವತೆಗಳ ವಿಷಯದ ಪ್ರಶ್ನೆಗೆ ಮಕ್ಕಳು ಉತ್ತರ ಹೇಳಿದರಂತೆ. ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಉತ್ತರ ಬರಲಿಲ್ಲವಂತೆ. ಆ ನೋವಿನಿಂದ ಮಾಲೆ ಹುಟ್ಟಿತು ಎನ್ನುವುದು ಸರ್ವತ್ರ ಪ್ರಚಲಿತವಾದ ಮಾತು.

ಈ ಎರಡು ಕಥನಗಳಲ್ಲಿ ಒಂದು ನಿಜ, ಒಂದು ಸುಳ್ಳು ಎಂದು ತೀರ್ಪು ಕೊಡಬೇಕಾಗಿಲ್ಲ. ಒಂದು ಮಾರಾಟದ ಅನುಭವ, ಒಂದು ಮನಸ್ಸಿನ ಪ್ರೇರಣೆ. ಉದ್ಯಮಕ್ಕೆ ಎರಡೂ ಬೇಕು. ಆದರೆ ಎರಡನೆಯದು ಪುರಾಣವಾಗಿ ಬೆಳೆಯಿತು, ಮೊದಲನೆಯದು ಅಡಿಟಿಪ್ಪಣಿಯಾಗಿ ಉಳಿಯಿತು ಎಂಬುದನ್ನು ಗಮನಿಸತಕ್ಕದ್ದು. ಮುಂದೆ ಮಾಲೆಯು ಉತ್ತಮ ಕಾಗದದಲ್ಲಿ ಮರುಮುದ್ರಣಗೊಂಡಾಗ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟರು. ‘ಕೃಷ್ಣ’ವು 501 ಆಯಿತು. ಹಳೆಯ ಎಣಿಕೆಯಲ್ಲಿ ಹನ್ನೊಂದಕ್ಕೆ ಹಿಂದೆ ಹತ್ತು ಇರಬೇಕೆಂದಾದರೂ ಜಾಣ ಹುಡುಗನೊಬ್ಬನು ಕೇಳಬಹುದಾಗಿತ್ತು. ಹೊಸ ಎಣಿಕೆಯಲ್ಲಿ ಆ ಪ್ರಶ್ನೆಯೂ ಅಳಿಸಿಹೋಯಿತು.

ಅನಂತ ಪೈ ಅವರು ನಮಗೆ ಪರಕೀಯರಲ್ಲ. 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದವರು. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮಾಹೀಮಿನ ಓರಿಯಂಟ್ ಶಾಲೆಯಲ್ಲಿ ಓದಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನತಂತ್ರವನ್ನು ಕಲಿತರೂ ಮನಸ್ಸು ಅಚ್ಚಿನ ಮಸಿಯ ಕಡೆಗೇ ಒಲಿಯಿತು. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು, ಅದು ಬಾಳಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು. 1964ರ ಮಾರ್ಚಿಯಲ್ಲಿ ಆ ಸಂಸ್ಥೆ ‘ಇಂದ್ರಜಾಲ’ ಚಿತ್ರಕಥೆಗಳನ್ನು ತೊಡಗಿದಾಗ ಅವರು ಅಲ್ಲಿಯೇ ಇದ್ದರು. ಘಟ್ಟದ ಕೆಳಗಿನಿಂದ ಬರಿಗೈಯಲ್ಲಿ ಬಂದು ಈ ನಗರದ ಶಾಲೆಗಳಲ್ಲಿ, ರಾತ್ರಿಶಾಲೆಗಳಲ್ಲಿ ಅಕ್ಷರವನ್ನು ಗಳಿಸಿ ಮುಂದೆ ಬಂದ ಸಾವಿರಾರು ಜನರ ಇತಿಹಾಸಕ್ಕೆ ಈ ಬದುಕು ಹೊರತಾದುದಲ್ಲ.

ಮಾಹೀಮ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಹೊರಟರೆ ಪೈ ಅವರು ಓದಿದ ಮಾಹೀಮು. ಪೂರ್ವಕ್ಕೆ ಹೊರಟರೆ ಧಾರಾವಿ. ನಡುವೆ ಇರುವುದು ರೈಲಿನ ಹಳಿಗಳು ಮಾತ್ರ. ಈ ಲೇಖನದ ವಾದಕ್ಕೆ ಆ ಹಳಿಗಳ ಆಚೆಗೆ ಹೋಗುವುದು ಅವಶ್ಯ. ಅದಕ್ಕೆ ಮುನ್ನ ಆ ಪಾಲುಗಾರಿಕೆಯ ಸಾಧನೆಯನ್ನು ನ್ಯಾಯವಾಗಿ ಹೇಳಬೇಕು.

ಪ್ರತಿಯೊಂದು ಪುಸ್ತಕವೂ ಸಾಮಾನ್ಯವಾಗಿ 32 ಪುಟಗಳದ್ದು. ಆ ಚೌಕಟ್ಟಿನೊಳಗೆ ಪುರಾಣ, ಇತಿಹಾಸ, ಜಾತಕ, ಪಂಚತಂತ್ರ, ಸಂತಚರಿತ್ರೆಗಳು ಒಂದೊಂದಾಗಿ ಬಂದವು. ರಾಮ್ ವಾಯೀರ್ಕರ್, ಪ್ರತಾಪ ಮುಳಿಕ್, ದಿಲೀಪ ಕದಮ್ ಮೊದಲಾದ ಚಿತ್ರಕಾರರು, ಕಮಲಾ ಚಂದ್ರಕಾಂತ, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದ ಲೇಖಕ-ಸಂಪಾದಕರು ಈ ಕಾರ್ಯದಲ್ಲಿ ತೊಡಗಿದರು. ಚಿತ್ರಕಥೆಯೆಂದರೆ ಮಕ್ಕಳನ್ನು ಕೆಡಿಸುವ ವಸ್ತು ಎಂದು ತಿಳಿದಿದ್ದ ಉಪಾಧ್ಯಾಯವರ್ಗವನ್ನು ಒಲಿಸಿಕೊಳ್ಳಲು ಪೈ ಅವರು ಶಾಲೆಯಿಂದ ಶಾಲೆಗೆ ತಿರುಗಿದರು. ಶಿಕ್ಷಣದಲ್ಲಿ ಚಿತ್ರಕಥೆಯ ಸ್ಥಾನವನ್ನು ಕುರಿತು 1978ರಲ್ಲಿ ದೆಹಲಿಯಲ್ಲಿ ವಿಚಾರಗೋಷ್ಠಿಯೂ ನಡೆಯಿತು. ಇಪ್ಪತ್ತರಷ್ಟು ಭಾಷೆಗಳಿಗೆ ಈ ಪುಸ್ತಕಗಳು ಹೋದವು. ಮರಾಠಿ, ಗುಜರಾತಿ, ತಮಿಳು ಮನೆಗಳ ಮಕ್ಕಳು ಒಂದೇ ಚಾಳಿನಲ್ಲಿ ಒಂದೇ ಕರ್ಣನನ್ನು ತಂತಮ್ಮ ಭಾಷೆಗಳಲ್ಲಿ ಓದುವಂತಾದದ್ದು ಸಣ್ಣ ಸಾಧನೆಯೆನ್ನಲಾಗದು. ಮಧ್ವಾಚಾರ್ಯ, ಬಸವೇಶ್ವರ, ಕೃಷ್ಣದೇವರಾಯ, ಬಾಹುಬಲಿ ಇವರ ಹೆಸರುಗಳನ್ನು ಪಂಜಾಬಿನ ಬಾಲಕನೂ ಅಸ್ಸಾಮಿನ ಬಾಲಿಕೆಯೂ ಕೇಳಿದ್ದರೆ ಅದಕ್ಕೆ ಈ ಮಾಲೆಯೂ ಒಂದು ಕಾರಣವೆಂದು ನಾವು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು.

ಇನ್ನು ಆಕ್ಷೇಪಗಳು. ಮೊದಲನೆಯದು ಭಾಷೆಯದು. ಹಲವು ಭಾಷೆಗಳಲ್ಲಿ ಚಿತ್ರಕಥೆಯನ್ನು ಅಚ್ಚುಹಾಕುವಾಗ ಬಣ್ಣದ ಪಡಿಯಚ್ಚುಗಳನ್ನು ಎಲ್ಲ ಭಾಷೆಗಳಿಗೂ ಒಂದೇ ಆಗಿರಿಸಿ, ಅಕ್ಷರಗಳುಳ್ಳ ಕಪ್ಪು ಪಡಿಯಚ್ಚನ್ನು ಮಾತ್ರ ಬದಲಿಸುವುದು ರೂಢಿ. ಖರ್ಚು ಉಳಿಯುವುದು ಅದರಿಂದಲೇ. ಇದರ ಫಲವೇನು? ಮಾತಿನ ಗುಳ್ಳೆಯ ಆಕಾರವನ್ನು ಮೊದಲ ಭಾಷೆ ನಿರ್ಧರಿಸುತ್ತದೆ, ಉಳಿದ ಭಾಷೆಗಳು ಅದರೊಳಗೆ ಮೈಯನ್ನು ಹಿಡಿಮಾಡಿಕೊಂಡು ಕೂರಬೇಕಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಸಾಲಿನ ಕೆಳಗೆ ಇಳಿಯುವ ಅಂಗವಿಲ್ಲ. ನಮ್ಮ ಅಕ್ಷರಗಳಿಗೆ ಒತ್ತು ಕೆಳಗೆ, ಗುಣಿತ ಮೇಲೆ. ಎರಡು ಸಾಲುಗಳ ನಡುವೆ ತೆರಪು ಬಿಡದಿದ್ದರೆ ಓದಲಾಗದು. ಹಾಗಾಗಿ ಇಂಗ್ಲಿಷಿನ ನಾಲ್ಕು ಸಾಲು ಕನ್ನಡದಲ್ಲಿ ಮೂರಕ್ಕೆ ಇಳಿಯಬೇಕು, ಮಾತು ಮೊಟಕಾಗಬೇಕು. ಮೊಟಕಾಗುವುದು ಯಾವುದು? ಕಥೆಯ ಸಂಗತಿಯನ್ನು ಬಿಡುವಂತಿಲ್ಲ. ಬಿಟ್ಟುಹೋಗುವುದು ಮಾತಿನ ಸೊಗಸು, ಗಾದೆ, ಸಂಬೋಧನೆಯ ಸಲಿಗೆ.

ಅಷ್ಟೇ ಅಲ್ಲ. ಇಂಗ್ಲಿಷಿನ ಒಂದು ಸರ್ವನಾಮಕ್ಕೆ ನಮ್ಮಲ್ಲಿ ‘ನೀನು’, ‘ನೀವು’, ‘ತಾವು’ ಎಂದು ಮೂರು ಪದಗಳು. ಗುರುವಿಗೆ ಶಿಷ್ಯ ಹೇಗೆ ಹೇಳಿದನು, ಮಂತ್ರಿಗೆ ಅಗಸ ಹೇಗೆ ಹೇಳಿದನು ಎಂಬುದರಲ್ಲಿ ಒಂದು ಸಮಾಜದ ಚರಿತ್ರೆಯೇ ಅಡಗಿರುತ್ತದೆ. ಮೂಲದಲ್ಲಿ ಆ ಭೇದವಿಲ್ಲದಿದ್ದಾಗ ಅನುವಾದಕನು ಊಹೆಯಿಂದ ನಡೆಯುತ್ತಾನೆ, ಇಲ್ಲವೆ ಎಲ್ಲರ ಬಾಯಲ್ಲಿಯೂ ಒಂದೇ ಗ್ರಾಂಥಿಕ ಕನ್ನಡವನ್ನು ಇಡುತ್ತಾನೆ. ಕನ್ನಡದಲ್ಲಿಯೇ ಹುಟ್ಟಿದ ಮಾಲೆಯಲ್ಲಿ ಕನ್ನಡವು ಅನುವಾದದ ಭಾಷೆಯಾಯಿತು ಎಂಬುದೇ ಇದರ ತಾತ್ಪರ್ಯ. ಇದಕ್ಕೆ ಪೈ ಅವರನ್ನು ದೂರುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ರಾಮನ ತಾಯಿಯ ಹೆಸರನ್ನು ಮರೆತವರೆಂದು ಅವರು ಬಗೆದದ್ದು ಇಂಗ್ಲಿಷ್ ಶಾಲೆಯ ಮಕ್ಕಳನ್ನು. ಔಷಧವನ್ನು ರೋಗಿಯ ಭಾಷೆಯಲ್ಲಿಯೇ ಕೊಟ್ಟರು. ಕಾರ್ಕಳದ ಮಗುವಿಗೆ ಆ ರೋಗ ಆಗ ಅಷ್ಟಾಗಿ ಇರಲಿಲ್ಲ. ಯಕ್ಷಗಾನದ ಬಯಲಾಟದಲ್ಲಿ ರಾತ್ರಿಯಿಡೀ ಕೂತವನಿಗೆ ಕೌಸಲ್ಯೆಯನ್ನು ಪರಿಚಯಿಸಬೇಕಾಗಿರಲಿಲ್ಲ.

ಯಕ್ಷಗಾನದ ಮಾತು ಬಂದುದರಿಂದ ಇನ್ನೊಂದು ಭೇದವನ್ನೂ ಹೇಳಬಹುದು. ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವನು ಇಂದು ಒಂದು ರೀತಿ ವಾದಿಸುತ್ತಾನೆ, ನಾಳೆ ಇನ್ನೊಂದು ರೀತಿ. ಎದುರಿನ ಕೃಷ್ಣನು ಬದಲಾದರೆ ಕರ್ಣನೂ ಬದಲಾಗುತ್ತಾನೆ. ಪದ್ಯ ಒಂದೇ, ಅರ್ಥ ಅನೇಕ. ಚಿತ್ರಕಥೆಯಲ್ಲಿ ಕರ್ಣನ ಮುಖವೊಂದೇ, ಮಾತೊಂದೇ. ಲಕ್ಷ ಪ್ರತಿಗಳಲ್ಲಿಯೂ ಅದೇ. ಒಂದು ಪೀಳಿಗೆಯ ಕಲ್ಪನೆಯಲ್ಲಿ ಪುರಾಣಪುರುಷರೆಲ್ಲ ಒಂದೇ ಮೈಕಟ್ಟನ್ನು ಪಡೆದರು. ನಾಯಕರು ಬಹುಮಟ್ಟಿಗೆ ಗೌರವರ್ಣದವರು, ಅಸುರರೂ ಕೀಳೆಂದು ಬಗೆಯಲ್ಪಟ್ಟವರೂ ಕಪ್ಪುಬಣ್ಣದವರು ಎಂಬ ದೋಷವನ್ನು ನಂದಿನಿ ಚಂದ್ರ, ಕಾರ್ಲೈನ್ ಮೆಕ್‌ಲೇನ್ ಮೊದಲಾದ ಸಂಶೋಧಕರು 2008-09ರ ಸುಮಾರಿಗೆ ಹೊರತಂದ ತಮ್ಮ ಗ್ರಂಥಗಳಲ್ಲಿ ಚರ್ಚಿಸಿದ್ದಾರೆ. ವಿದ್ವಾಂಸರು ಇದನ್ನು ಗ್ರಂಥಗಳಲ್ಲಿ ಕಂಡರು. ಕಪ್ಪುಬಣ್ಣದ ಮಗು ಅದನ್ನು ಕನ್ನಡಿಯಲ್ಲಿ ಕಂಡಿದ್ದಿರಬೇಕು.

ಎರಡನೆಯ ಆಕ್ಷೇಪವು ಆಕೃತಿಗೆ ಸಂಬಂಧಪಟ್ಟದ್ದು. ಇದಕ್ಕೆ ನಾವು ಧಾರಾವಿಗೆ ಹೋಗಬೇಕು. ಧಾರಾವಿಯ ಒಂದು ಮುಖ್ಯ ಬೀದಿಗೆ ಸಂತ ಕಕ್ಕಯ್ಯ ಮಾರ್ಗವೆಂದು ಹೆಸರು. ನಿತ್ಯವೂ ಆ ಬೀದಿಯಲ್ಲಿ ನಡೆಯುವವರಲ್ಲಿ ಎಷ್ಟು ಜನರಿಗೆ ಇದು ಕಲ್ಯಾಣದ ಶರಣನೊಬ್ಬನ ಹೆಸರೆಂದು ಗೊತ್ತೊ ತಿಳಿಯದು. ಡೋಹರ ಕಕ್ಕಯ್ಯನು ಹನ್ನೆರಡನೆಯ ಶತಮಾನದ ಶರಣ. ತೊಗಲು ಹದಮಾಡುವ ಕುಲದವನು. ಮಾಳವದಿಂದ ಬಂದವನೆಂದು ಪ್ರತೀತಿ. ಬಸವಣ್ಣನವರು ತಮ್ಮ ವಚನಗಳಲ್ಲಿ ಅವನನ್ನು ಬಂಧುವೆಂದು ಸ್ಮರಿಸಿದರು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯ ಕಡೆಗೆ ಸಾಗುವಾಗ ಅವನು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಐಕ್ಯನಾದನೆಂದು ಐತಿಹ್ಯ. ಎಂಟುನೂರು ವರ್ಷಗಳ ಮೇಲೆ, ತೊಗಲಿನ ಕಸುಬನ್ನು ಹೊತ್ತು ಈ ನಗರಕ್ಕೆ ಬಂದ ಢೋರ ಸಮಾಜದವರು ಅವನ ಹೆಸರನ್ನೂ ಹೊತ್ತು ತಂದರು. ನಮ್ಮ ವಿದ್ವತ್ತು ಮಾಟುಂಗದ ಸಭಾಭವನಗಳಲ್ಲಿ ವಚನಸಾಹಿತ್ಯದ ಮೇಲೆ ಉಪನ್ಯಾಸ ಮಾಡುತ್ತಿದ್ದಾಗ, ವಚನಕಾರನೊಬ್ಬನ ಹೆಸರು ಒಂದು ಮೈಲಿಯ ಆಚೆ ಧಾರಾವಿಯ ಗೋಡೆಯ ಮೇಲೆ ದೇವನಾಗರಿಯಲ್ಲಿ ಬರೆಯಲ್ಪಟ್ಟಿತ್ತು.

ಅಮರ ಚಿತ್ರಕಥೆಯಲ್ಲಿ ‘ಬಸವೇಶ್ವರ’ ಉಂಟು. ಅದು ಇರುವುದು ಒಳ್ಳೆಯದೇ. ಆದರೆ ಒಂದು ಪುಸ್ತಕಕ್ಕೆ ಒಬ್ಬ ನಾಯಕ, ಮುಖಪುಟಕ್ಕೆ ಒಂದು ಮುಖ, 32 ಪುಟಕ್ಕೆ ಒಂದು ಜನ್ಮ-ಒಂದು ಸಾಧನೆ ಎಂಬ ಆ ಆಕೃತಿಯು ಶರಣರ ಚಳವಳಿಗೆ ಒಗ್ಗತಕ್ಕದ್ದೆ? ಅರಸರ ಕಥೆಗೆ ಅದು ಒಗ್ಗುತ್ತದೆ, ಅವತಾರಗಳ ಕಥೆಗೂ ಒಗ್ಗುತ್ತದೆ. ಕಲ್ಯಾಣದ ಕಥೆಯು ಒಬ್ಬನ ಕಥೆಯಲ್ಲ. ಅಂಬಿಗ, ಮಡಿವಾಳ, ಸಮಗಾರ, ಡೋಹರ, ಅಕ್ಕಂದಿರು ಕೂಡಿ ಆಡಿದ ಮಾತು ಅದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಪ್ರಾಣ ತೆತ್ತವರು ಬಸವಣ್ಣನವರಲ್ಲ, ಆ ಇಬ್ಬರು ತಂದೆಯರು. ನಾಯಕನೊಬ್ಬನ ಸುತ್ತ ಕಥೆಯನ್ನು ಕಟ್ಟಿದರೆ ಉಳಿದವರು ಗುಂಪಿನಲ್ಲಿ ಕೈಮುಗಿದು ನಿಂತ ಚಿತ್ರಗಳಾಗುತ್ತಾರೆ. ತಾನು ನಡೆಯುವ ಬೀದಿಗೆ ಹೆಸರು ಕೊಟ್ಟವನು ತನ್ನ ಪುಸ್ತಕದ ನಾಯಕನಾಗಬಹುದೆಂಬ ಕಲ್ಪನೆ ಧಾರಾವಿಯ ಕನ್ನಡ ಮಗುವಿಗೆ ಬರುವುದಾದರೂ ಹೇಗೆ?

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳಬಹುದು, ಹೇಳಲೂಬೇಕು. ಮಾಲೆಯು ಇಂಥವರನ್ನು ಪೂರ್ತಿ ಮರೆತಿರಲಿಲ್ಲ. 1979ರಲ್ಲಿ ‘ಬಾಬಾಸಾಹೇಬ ಅಂಬೇಡ್ಕರ್’ ಬಂದಿತು. ಚೋಖಾಮೇಳನ ಕಥೆಯೂ ರವಿದಾಸರ ಕಥೆಯೂ ಬಂದವು. ಪಠ್ಯಪುಸ್ತಕಗಳು ಅಂಬೇಡ್ಕರರನ್ನು ಸಂವಿಧಾನದ ಒಂದು ವಾಕ್ಯಕ್ಕೆ ಸೀಮಿತಗೊಳಿಸಿದ್ದ ಕಾಲದಲ್ಲಿ ಅವರ ಬಾಲ್ಯವನ್ನು ಮಕ್ಕಳ ಕೈಗೆ ಕೊಟ್ಟದ್ದು ಧೈರ್ಯದ ಕೆಲಸವೇ. ಆದರೂ ಅದೇ ಚೌಕಟ್ಟು, ಅದೇ ಏಕಾಕಿ ವೀರ. 2011ರಲ್ಲಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ ವ್ಯಾಮ್ ಎಂಬ ಗೊಂಡ ಕಲಾವಿದರು ಚಿತ್ರಿಸಿದ ‘ಭೀಮಾಯಣ’ ಹೊರಬಂದಾಗ, ಅದೇ ಜೀವನವನ್ನು ಚೌಕಗಳ ಪೆಟ್ಟಿಗೆಯಲ್ಲಿ ಇಡದೆಯೂ ಹೇಳಬಹುದೆಂಬುದು ಸಿದ್ಧವಾಯಿತು. ವಸ್ತುವನ್ನು ಬದಲಿಸಿದರೆ ಸಾಲದು, ಆಕೃತಿಯನ್ನೂ ಬದಲಿಸಬೇಕು ಎಂಬ ಪಾಠವನ್ನು ಆ ಹಳೆಯ ಪಾಲುಗಾರಿಕೆ ಕಲಿಯಲಿಲ್ಲ.

ಏಕೆ ಕಲಿಯಲಿಲ್ಲ ಎಂಬ ಪ್ರಶ್ನೆಯು ನಮ್ಮನ್ನು ಅವಸಾನದ ಕಾರಣಗಳಿಗೆ ಒಯ್ಯುತ್ತದೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ತೊಡಗಿತು, 1988ರಲ್ಲಿ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’. ಯಾವ ಯಂತ್ರದಲ್ಲಿ ರಾಮನ ತಾಯಿಯ ಹೆಸರನ್ನು ಕೇಳಿ ಉತ್ತರ ಬರಲಿಲ್ಲವೊ ಅದೇ ಯಂತ್ರವು ರಾಮನ ಕಥೆಯನ್ನೇ ಮನೆಮನೆಗೆ ತಂದಿತು. 1990ರಲ್ಲಿ ಟೈಮ್ಸ್ ಸಂಸ್ಥೆಯ ‘ಇಂದ್ರಜಾಲ’ ನಿಂತುಹೋಯಿತು. 1991ರಲ್ಲಿ ಅಮರ ಚಿತ್ರಕಥೆಯ ಹೊಸ ಪುಸ್ತಕಗಳ ಕ್ರಮಬದ್ಧ ಪ್ರಕಟಣೆಯೂ ನಿಂತಿತು. ಆಮೇಲಿನ ಹದಿನಾರು ವರ್ಷ ನಡೆದದ್ದು ಮುಖ್ಯವಾಗಿ ಮರುಮುದ್ರಣದ ವ್ಯಾಪಾರ. ಆದುದರಿಂದ ಪಾಲುಗಾರಿಕೆ ವ್ಯವಹಾರದಲ್ಲಿ ಮುಗಿದದ್ದು 2007ರಲ್ಲಿ. ಸೃಷ್ಟಿಯಲ್ಲಿ ಮುಗಿದದ್ದು 1991ರಲ್ಲಿಯೇ ಎನ್ನಬೇಕು. ಹಳೆಯ ಪುಸ್ತಕ ಮಾರಾಟವಾಗುತ್ತಿರುವಾಗ ಹೊಸದಕ್ಕೆ ದುಡ್ಡು ಹಾಕುವುದು ವರ್ತಕನಿಗೆ ವಿವೇಕವಾಗಿ ತೋರದು. ಅಚ್ಚು ಸವೆಯುವವರೆಗೂ ಅಚ್ಚು ಹಾಕಬಹುದಾದ ಪುಸ್ತಕವು ಪ್ರಕಾಶಕನ ಭಾಗ್ಯ. ಅದೇ ಅವನ ಬಂಧನವೂ ಹೌದು. ಪೈ ಅವರು ಹೊಸ ಒಡೆತನದಲ್ಲಿಯೂ ಮಾಲೆಯೊಡನೆ ಸಂಬಂಧವನ್ನು ಇರಿಸಿಕೊಂಡಿದ್ದು, 2011ರ ಫೆಬ್ರುವರಿ 24ರಂದು ತೀರಿಕೊಂಡರು.

ಈಗ ಉಳಿದಿರುವ ಪ್ರಶ್ನೆ ನಮ್ಮದು. ಇಂಗ್ಲಿಷ್ ಪುಸ್ತಕಗಳು ಹೊಸ ಕಾಗದದಲ್ಲಿ ಅಂಗಡಿಗಳಲ್ಲಿವೆ. ಅವುಗಳ ಮೇಲೆ ಅಮೆರಿಕದ ವಿದ್ವಾಂಸರೂ ಪ್ರಬಂಧಗಳನ್ನು ಬರೆದಿದ್ದಾರೆ. 1965ರ ಕನ್ನಡ ಪುಸ್ತಕಗಳೂ ಆಮೇಲಿನ ಕನ್ನಡ ಅನುವಾದಗಳೂ ನಮ್ಮ ಯಾವ ಸಂಘದ ಗ್ರಂಥಾಲಯದ ಪಟ್ಟಿಯಲ್ಲಿವೆ? ಮಕ್ಕಳ ಪುಸ್ತಕವನ್ನು ಗ್ರಂಥಾಲಯ ಇಡಲಿಲ್ಲ. ಮಕ್ಕಳು ಓದಿ ಹರಿದರು. ಉಳಿದದ್ದು ರದ್ದಿಗೆ ಹೋಯಿತು. ಈ ನಗರದ ರದ್ದಿಯು ಬಹುಭಾಗ ಸೇರುವುದು ಧಾರಾವಿಗೆ. ಅಲ್ಲಿಯ ಹದಿಮೂರನೆಯ ಕಂಪೌಂಡಿನ ಸುತ್ತ ಕಾಗದ, ಪ್ಲಾಸ್ಟಿಕ್, ತಗಡುಗಳನ್ನು ಬೇರೆಬೇರೆಯಾಗಿ ಆರಿಸುವ ನೂರಾರು ಗಾಳೆಗಳಿವೆ. ಹಿಂದೊಮ್ಮೆ ಅಂಥ ಒಂದು ಗಾಳೆಯ ಬಾಗಿಲಲ್ಲಿ, ಕಟ್ಟಿದ ಹೊರೆಯೊಂದರ ಸಂದಿನಲ್ಲಿ, ಮುಖಪುಟ ಕಳೆದುಹೋದ ಕನ್ನಡ ಚಿತ್ರಕಥೆಯೊಂದನ್ನು ಈ ಲೇಖಕನು ಕಂಡದ್ದುಂಟು. ಆರಿಸುತ್ತಿದ್ದ ಕಲಬುರಗಿಯ ಕಡೆಯ ಹೆಂಗಸು ಅದನ್ನು ಬದಿಗಿರಿಸಿದ್ದಳು. ಓದಲು ಬರುತ್ತದೆಯೇ ಎಂದು ಕೇಳಿದಾಗ, ತನಗೆ ಬಾರದು, ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ ಎಂದಳು. ಆ ಪುಸ್ತಕವನ್ನು ಕೊಳ್ಳುವೆನೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಸಂಶೋಧಕನ ಆಸೆಗಿಂತ ಆ ಮಗುವಿನ ಹಕ್ಕು ದೊಡ್ಡದೆನಿಸಿ ಸುಮ್ಮನಾಗಬೇಕಾಯಿತು.

ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ; ಅವುಗಳಲ್ಲಿ ಕನ್ನಡವೂ ಒಂದು. ಆ ಕನ್ನಡ ತರಗತಿಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿರುವುದನ್ನು ನಾವೆಲ್ಲರೂ ಬಲ್ಲೆವು. ಧಾರಾವಿಯ ಪುನರ್ನಿರ್ಮಾಣದ ಕಾರ್ಯವೂ ತೊಡಗಿದೆ; ಆ ಗಾಳೆಗಳು ಎಷ್ಟು ಕಾಲ ಅಲ್ಲಿ ಇರುವುವೊ ಹೇಳಲಾಗದು. ಈ ಸಂದರ್ಭದಲ್ಲಿ ನಮ್ಮ ಸಂಘಗಳು ಮಾಡಬಹುದಾದ ಕೆಲಸಗಳು ಎರಡು. ಒಂದು, ಕನ್ನಡ ಚಿತ್ರಕಥೆಗಳ ಉಳಿದ ಪ್ರತಿಗಳನ್ನು ಸದಸ್ಯರ ಮನೆಗಳ ಅಟ್ಟದಿಂದ ಇಳಿಸಿ, ಸಂಖ್ಯೆ, ವರ್ಷ, ಅನುವಾದಕರ ಹೆಸರುಗಳೊಡನೆ ಒಂದು ಸೂಚಿಯನ್ನು ಸಿದ್ಧಪಡಿಸುವುದು. ಮೊದಲ ಹತ್ತು ಪುಸ್ತಕಗಳು ಸಿಕ್ಕಿದರೆ ಮಾಲೆಯ ಚರಿತ್ರೆಯನ್ನು ಒಂದರಿಂದ ಎಣಿಸಲು ಬಂದೀತು. ಎರಡು, ಕಕ್ಕಯ್ಯನ ಕಥೆಯನ್ನು ಚಿತ್ರಗಳಲ್ಲಿ, ಮೊದಲು ಕನ್ನಡದಲ್ಲಿ, ಕನ್ನಡದ ಮಾತಿನ ಅಳತೆಗೆ ಗುಳ್ಳೆಗಳನ್ನು ಬರೆಯಿಸಿ ಹೊರತರುವುದು. ಅವನನ್ನು ಏಕಾಕಿಯಾಗಿ ಅಲ್ಲ, ತನ್ನ ಒಡನಾಡಿಗಳೊಡನೆ.

ಅನಂತ ಪೈ ಅವರ ಹೆಸರನ್ನು ಕಳೆಗುಂದಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವುದು ಅವರ ಸಂಕಲ್ಪವಾಗಿದ್ದಿತು, ಅದನ್ನು ನಾಲ್ವತ್ತು ವರ್ಷ ನಡೆಸಿದರು. ಆ ನೆನಪಿನಲ್ಲಿ ಯಾರು ಬಿಟ್ಟುಹೋದರು ಎಂದು ಕೇಳುವುದು ಅದೇ ಸಂಕಲ್ಪದ ಮುಂದುವರಿಕೆ. ರಾಮನ ತಾಯಿಯ ಹೆಸರನ್ನು ಹೇಳಲಾರದ ಮಕ್ಕಳನ್ನು ನೋಡಿ ಅವರು ನೊಂದರು. ಕಕ್ಕಯ್ಯ ಯಾರೆಂದು ಆ ಬೀದಿಯ ಮಗು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಟ್ಟೇವು?